ಹೊರಗಿನವರಿಗೆ ಪ್ರವೇಶವಿಲ್ಲ

ತನ್ನ ವೆಬ್‌ಸೈಟಿನೊಳಗೆ ಇನ್ನು ಮೇಲೆ ಹೊರಗಿನ ಒಂದು ಸೊಳ್ಳೆಯೂ ನುಸುಳಕೂಡದು ಎಂದು ರಘುನಾಥ ಶಪಥ ಮಾಡಿದ್ದು ಒಂದು ಸಾವಿನ ಬೆಳಗ್ಗೆ. ಶಪಥ ಮಾಡುವಾಗ ಅವನು ಲುಂಗಿಯಲ್ಲಿದ್ದ, ಬಾಯಲ್ಲಿ ಹಲ್ಲುಜ್ಜುವ ಬ್ರಷ್ ಇತ್ತು, ಕಣ್ಣಲ್ಲಿ ನೀರಿತ್ತು. ಇವು ಯಾವುವೂ ಶಪಥಕ್ಕೆ ಅಡ್ಡಿಯಾಗಲಿಲ್ಲ. ಅಡ್ಡಿಯಾಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಆಮೇಲೆ ಇಡೀ ಬಳಗವೇ ಅಂದುಕೊಂಡಿತು.

ರಘುನಾಥ ಗುಂಡ್ಲುಪೇಟೆಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುವ ಅತಿಥಿ ಉಪನ್ಯಾಸಕ. ಅವನ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ಅವನೇ ಮೊದಲಿಗ. ಮೊದಲಿಗನ ಕಷ್ಟ ಎರಡನೆಯವನಿಗೆ ಗೊತ್ತಾಗುವುದಿಲ್ಲ. ಓದಿದ್ದು ಸಾರ್ಥಕವಾಯಿತು ಎಂದು ಪ್ರತಿ ಹಬ್ಬದಲ್ಲೂ ಪ್ರತಿ ಮದುವೆಯಲ್ಲೂ ಬಳಗದ ಮುಂದೆ ರುಜುವಾತು ಮಾಡುತ್ತಲೇ ಇರಬೇಕು. ಯಾರದೋ ಮೊಬೈಲ್ ಬಿಸಿಯಾದರೂ, ಯಾರದೋ ಟಿವಿಯಲ್ಲಿ ಗೆರೆ ಬಿದ್ದರೂ, ಯಾರದೋ ಬೋರ್‌ವೆಲ್ ಮೋಟಾರು ಗುಂಯ್‌ಗುಟ್ಟಿದರೂ ಕರೆ ಬರುವುದು ಅವನಿಗೇ. ಮೋಟಾರು ತನ್ನ ವಿಷಯವಲ್ಲ ಎಂದರೆ, ಹಾಗಾದರೆ ಅಷ್ಟು ವರ್ಷ ಅಲ್ಲಿ ಕೂತು ಏನು ಓದಿದೆ ಎಂಬ ಪ್ರಶ್ನೆ ತಯಾರಾಗಿರುತ್ತಿತ್ತು.

ಆ ಪ್ರಶ್ನೆಗೆ ಒಂದೇ ಸಲಕ್ಕೆ ಉತ್ತರ ಕೊಟ್ಟುಬಿಡೋಣವೆಂದು ಅವನು ಕಟ್ಟಿದ್ದು ಬಳಗದ ವೆಬ್‌ಸೈಟು. ಪುಣಜನೂರಿನ ಕಾಡಂಚಿನಿಂದ ಹಿಡಿದು ಚಾಮರಾಜನಗರ, ಸಂತೆಮರಹಳ್ಳಿ, ಕುದೇರು, ಇತ್ತ ಗುಂಡ್ಲುಪೇಟೆಯವರೆಗೆ ಕುಂಬಳದ ಬಳ್ಳಿಯ ಹಾಗೆ ಹಬ್ಬಿದ ಬಳಗ ಅದು. ಯಾರು ಸತ್ತರೂ ಎಲ್ಲರೂ ಮಣ್ಣಿಗೆ ಬರಬೇಕು, ಕೊನೆಯ ಸಲ ಮುಖ ನೋಡಬೇಕು. ಹೇಳಿಕೆ ಮುಟ್ಟದೆ ಮುಖ ತಪ್ಪಿತೋ, ಮಾತು ಬಿಟ್ಟವರು ಸಾಯುವವರೆಗೂ ಆಡುವುದಿಲ್ಲ. ಮೊದಲೆಲ್ಲ ಒಬ್ಬ ಮನುಷ್ಯ ಊರೂರು ತಿರುಗಿ ಸುದ್ದಿ ಮುಟ್ಟಿಸುತ್ತಿದ್ದ. ಆಮೇಲೆ ಆ ಕೆಲಸ ವಾಟ್ಸಾಪಿಗೆ ಹೋಯಿತು. ವಾಟ್ಸಾಪು ಮಾಡಿದ ಮೊದಲ ಘನಕಾರ್ಯವೆಂದರೆ ಬಳಗದ ಹಿರಿಯ ಚಿಕ್ಕಬೀರಯ್ಯನವರನ್ನು ಕೊಂದಿದ್ದು.

ಅವರ ಹೆಸರಿನವನೇ ಇನ್ನೊಬ್ಬ ಎಲ್ಲೋ ತೀರಿಕೊಂಡಿದ್ದ. ಯಾರೋ ಉತ್ಸಾಹಿ ಇವರ ಫೋಟೋ ಅಂಟಿಸಿ, ಪಕ್ಕದಲ್ಲಿ ದೀಪ ಉರಿಸಿ ಕಳಿಸಿದ. ಮಧ್ಯಾಹ್ನದ ಹೊತ್ತಿಗೆ ನಾಲ್ಕು ದಿಕ್ಕಿನಿಂದ ಚೆಂಡುಹೂವಿನ ಹಾರ ಹಿಡಿದವರು ಸಂತೆಮರಹಳ್ಳಿಗೆ ಬಂದಿಳಿದರೆ, ಮೃತರು ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ತಂದ ಹಾರ ವಾಪಸು ಒಯ್ಯಬಾರದು ಎಂದು ಯಾರೋ ಹೇಳಿದ್ದರಿಂದ ಅಷ್ಟನ್ನೂ ಅವರ ಎಮ್ಮೆ ತಿಂದಿತು.

ಅಂದಿನಿಂದ ಚಿಕ್ಕಬೀರಯ್ಯನವರು ರಘುನಾಥನ ವೆಬ್‌ಸೈಟಿನ ಪರಮಭಕ್ತರಾದರು. ಅವರ ಒತ್ತಾಯದ ಮೇಲೆಯೇ ರಘುನಾಥ ಅದರ ನೆತ್ತಿಯ ಮೇಲೆ ಕೆಂಪು ಅಕ್ಷರದಲ್ಲಿ ಒಂದು ಶಾಸನ ಕೆತ್ತಿಸಿದ. 'ಇಲ್ಲಿ ಪ್ರಕಟವಾಗದ ಯಾವ ಸಾವನ್ನೂ ನಂಬಬೇಡಿ. ಪ್ರಕಟವಾದ ಸುದ್ದಿ ಇಲ್ಲಿಂದ ಕಾಣೆಯಾದರೆ ಅದು ಸುಳ್ಳೆಂದು ತಿಳಿಯಿರಿ.' ಅಷ್ಟಕ್ಕೇ ಬಿಡಲಿಲ್ಲ. ಯುಗಾದಿಗೆ ಬಳಗವೆಲ್ಲ ಸೇರಿದ್ದಾಗ, ಈಗೀಗ ಮನುಷ್ಯನ ದನಿಯನ್ನೂ ಮುಖವನ್ನೂ ಕಂಪ್ಯೂಟರಿನಲ್ಲಿ ನಕಲು ಮಾಡುತ್ತಾರೆ, ಫೋನಿನಲ್ಲಿ ಯಾರು ಏನು ಹೇಳಿದರೂ ನಂಬಬೇಡಿ ಎಂದು ಒಂದು ಉಪನ್ಯಾಸವನ್ನೂ ಬಿಗಿದ. ಬಳಗ ತಲೆದೂಗಿತು. ಓದಿದ್ದು ಸಾರ್ಥಕವಾಯಿತೆಂದು ಅಂದು ಅವನಿಗೆ ಎರಡು ಹೋಳಿಗೆ ಹೆಚ್ಚಿಗೆ ಬಡಿಸಿದರು.

ಈಗ ಸತ್ತವರು ರಾಚಮ್ಮ. ರಘುನಾಥನ ಹೆಂಡತಿ ಮಾನಸಳ ತಾಯಿಯ ತಾಯಿ. ಮಾನಸಳನ್ನು ಸಾಕಿ ದೊಡ್ಡವಳು ಮಾಡಿದವರು. ಮೈಸೂರಿನ ಆಸ್ಪತ್ರೆಯಲ್ಲಿ ಬೆಳಗಿನ ಜಾವ ಉಸಿರು ನಿಂತಿತು. ಇಬ್ಬರು ಗಂಡುಮಕ್ಕಳು. ದೊಡ್ಡವನು ಚಿಕ್ಕಮಾದು, ಇರುವುದು ಚಾಮರಾಜನಗರದಲ್ಲಿ. ಚಿಕ್ಕವನು ಮಹದೇವಪ್ರಸಾದ್, ಇರುವುದು ಗುಂಡ್ಲುಪೇಟೆಯಲ್ಲಿ, ರಘುನಾಥನ ಮನೆಯ ಹಿಂದಿನ ಬೀದಿಯಲ್ಲೇ. ಅಣ್ಣತಮ್ಮಂದಿರಿಗೆ ಅಷ್ಟಕ್ಕಷ್ಟೆ. ಆಸ್ಪತ್ರೆಯಲ್ಲಿದ್ದ ಚಿಕ್ಕಮಾದು, ಹೆಣವನ್ನು ಚಾಮರಾಜನಗರದ ತನ್ನ ಮನೆಗೆ ತರುವುದಾಗಿ ಹೇಳಿದ. ಮಾನಸ ಕಣ್ಣೊರೆಸಿಕೊಂಡು ಗಂಡನ ಮುಂದೆ ಲ್ಯಾಪ್‌ಟಾಪ್ ತಂದಿಟ್ಟಳು.

"ಯಾರು ಬರ್ಲಿ ಬುಡ್ಲಿ, ಪುಣಜನೂರಿನ ಮಲ್ಲಜ್ಜಿ ಬರ್ಬೇಕು ರೀ. ಅಕ್ಕತಂಗಿ ಒಂದೇ ತಟ್ಟೇಲಿ ಉಂಡೋರು. ಮಂಡಿ ನೋವು ಅಂತ ಎರಡು ಹಬ್ಬದಿಂದ ಒಬ್ರನ್ನೊಬ್ರು ನೋಡಿಲ್ಲ. ಆ ಮುಖ ಒಂದು ಅವಳಿಗೆ ತಪ್ಪಬಾರ್ದು."

ತಪ್ಪುವುದಿಲ್ಲ ಎಂದು ರಘುನಾಥ ಭರವಸೆ ಕೊಟ್ಟ. ಬ್ರಷ್ ಬಾಯಲ್ಲಿಟ್ಟುಕೊಂಡೇ ಸುದ್ದಿ ಬರೆದ, ಫೋಟೋ ಹಾಕಿದ, 'ಅಂತಿಮ ದರ್ಶನ ಚಾಮರಾಜನಗರದ ಸ್ವಗೃಹದಲ್ಲಿ' ಎಂದು ಸೇರಿಸಿ ಪ್ರಕಟಿಸಿದ. ಬಳಗ ಎದ್ದಿತು, ಅತ್ತಿತು, ಹಾರ ಕಟ್ಟಿಸಲು ಹೊರಟಿತು. ಮಲ್ಲಜ್ಜಿ, ಅಂದರೆ ರಾಚಮ್ಮನ ತಂಗಿ ಮಲ್ಲಮ್ಮನ ಹತ್ತಿರ ಫೋನಿಲ್ಲ. ಪಕ್ಕದ ಮನೆಯ ಶಿವರುದ್ರಮ್ಮ ಎಂಬ ಅಂಗನವಾಡಿ ಟೀಚರು ಓದಿ ಹೇಳಿದರೆಂದೂ, ಮುದುಕಿ ಆಗಲೇ ಬಸ್ಸು ಹತ್ತಿದಳೆಂದೂ ಸುದ್ದಿ ಬಂತು. ಎಲ್ಲವೂ ಎಣ್ಣೆ ಹಾಕಿದ ಗಾಲಿಯ ಹಾಗೆ ಉರುಳುತ್ತಿತ್ತು.

ಆಗ ಚಿಕ್ಕಬೀರಯ್ಯನವರ ಫೋನು ಬಂತು.

"ರಗುನಾಥ, ರಾಚವ್ವನ ಪೋಟೋ ಕೆಳಗೆ ಒಬ್ಳು ಉಡ್ಗಿ ಅವಳೆ ಕಣ್ಲಾ. ಅರ್ಧಂಬರ್ಧ ಬಟ್ಟೆ ಆಕ್ಕಂಡು ಇಸ್ಪೀಟಾಡಕ್ಕೆ ಕರೀತಾವ್ಳೆ. ಅವ್ಳು ಯಾರ ಕಡೆಯೋಳು?"

ರಘುನಾಥ ನೋಡಿದ. ನಿಜ. ದಿವಂಗತ ರಾಚಮ್ಮನವರ ಗಂಭೀರ ಮುಖದ ಕೆಳಗೆ ಯಾವಳೋ ಒಬ್ಬಳು ರಮ್ಮಿ ಆಡಲು ಕಣ್ಣು ಹೊಡೆಯುತ್ತ ಕುಣಿಯುತ್ತಿದ್ದಳು. ಯಾರೋ ಕಳ್ಳರು ವೆಬ್‌ಸೈಟಿನ ಸಂದಿಯಲ್ಲಿ ನುಸುಳಿ ಜಾಹೀರಾತು ತೂರಿಸಿದ್ದರು. ಅವನ ಮೈಯೆಲ್ಲ ಉರಿಯಿತು. ಮೇಲೆ ಹೇಳಿದ ಶಪಥ ಹುಟ್ಟಿದ್ದು ಆ ಉರಿಯಲ್ಲಿ.

ವೆಬ್‌ಸೈಟು ವಾಸವಾಗಿರುವ ದೂರದ ಕಂಪ್ಯೂಟರಿಗೆ ಸರ್ವರ್ ಎನ್ನುತ್ತಾರೆ. ಅದು ಹೇಗೆ ನಡೆದುಕೊಳ್ಳಬೇಕು ಎಂಬ ಕಟ್ಟುಪಾಡುಗಳೆಲ್ಲ ಅದರ ಕಾನ್ಫಿಗರೇಷನ್ ಎಂಬ ಕಡತದಲ್ಲಿರುತ್ತವೆ. ರಘುನಾಥ ಆ ಕಡತ ತೆರೆದು, ಇಂಟರ್ನೆಟ್ಟಿನಲ್ಲಿ ಸಿಕ್ಕ ಅತ್ಯಂತ ಕಠೋರವಾದ ಒಂದು ನಿಯಮವನ್ನು ಹೆಕ್ಕಿ ತಂದು ಅಂಟಿಸಿದ. ಅದರ ತಾತ್ಪರ್ಯ ಇಷ್ಟೆ: ಹೊರಗಿನಿಂದ ಬರುವ ಯಾವುದಕ್ಕೂ ಇಲ್ಲಿ ಪ್ರವೇಶವಿಲ್ಲ. ಇಸ್ಪೀಟಿನ ಹುಡುಗಿ ಕಣ್ಣು ಹೊಡೆಯುವ ಭಂಗಿಯಲ್ಲೇ ಮಾಯವಾದಳು.

"ಪುಣಜನೂರಿನ ಚೆಕ್‌ಪೋಸ್ಟಿಗಿಂತ ಬಿಗಿ ಮಾಡಿದ್ದೀನಿ," ಎಂದು ಅವನು ಮಾನಸಳ ಮುಂದೆ ಎದೆಯುಬ್ಬಿಸಿದ. "ಇನ್ನು ದೇವರೇ ಬಂದ್ರೂ ಗೇಟಲ್ಲೇ ನಿಲ್ಬೇಕು."

"ದೇವರು ಈಗ ತಾನೆ ಬಂದು ಹೋಗವ್ನೆ. ಬೇಗ ಮುಖ ತೊಳ್ಕಳಿ, ಚಾಮರಾಜನಗರಕ್ಕೆ ಹೊರಡನ," ಎಂದಳು ಮಾನಸ.

ಹೊರಡುವ ಮೊದಲೇ ಮಹದೇವಪ್ರಸಾದ್ ಬಂದು ಬಾಗಿಲಲ್ಲಿ ನಿಂತ. ಆಂಬುಲೆನ್ಸು ನಂಜನಗೂಡು ಮುಟ್ಟಿದಾಗ ಅಣ್ಣತಮ್ಮಂದಿರಿಗೆ ಫೋನಿನಲ್ಲಿ ಮಾತಾಗಿ, ಅವ್ವನನ್ನು ಅಪ್ಪನ ಪಕ್ಕದಲ್ಲೇ ಮಲಗಿಸಬೇಕೆಂದು ಹುಟ್ಟಿದ ಮೇಲೆ ಮೊದಲ ಸಲ ಇಬ್ಬರೂ ಒಪ್ಪಿದ್ದರು. ಅಪ್ಪನ ಸಮಾಧಿ ಇರುವುದು ಗುಂಡ್ಲುಪೇಟೆಯ ತೋಟದಲ್ಲಿ. ನಂಜನಗೂಡಿನಲ್ಲಿ ದಾರಿ ಎರಡಾಗುತ್ತದೆ. ಎಡಕ್ಕೆ ಚಾಮರಾಜನಗರಕ್ಕೆ ತಿರುಗಬೇಕಾಗಿದ್ದ ಆಂಬುಲೆನ್ಸು ನೇರ ಗುಂಡ್ಲುಪೇಟೆಗೆ ಹೊರಟಿತ್ತು. ಹೆಣವನ್ನು ತುಂಬ ಹೊತ್ತು ಇಡುವಂತಿರಲಿಲ್ಲ. ಹೊತ್ತು ಮುಳುಗುವ ಮೊದಲು ಮಣ್ಣಾಗಬೇಕು. ಬಳಗಕ್ಕೆ ತಿಳಿಸಬೇಕು.

"ಒಂದು ನಿಮಿಷದ ಕೆಲಸ ಮಾವ," ಎಂದ ರಘುನಾಥ. ಊರಿನ ಹೆಸರೊಂದನ್ನು ತಿದ್ದಬೇಕು, ಅಷ್ಟೆ.

ಸುದ್ದಿ ಬರೆಯುವ ಮತ್ತು ತಿದ್ದುವ ಎಡಿಟರನ್ನು ತೆರೆದ. ಅಲ್ಲಿ ಎಡಿಟರ್ ಇರಲಿಲ್ಲ. ಅದು ಇರಬೇಕಾದ ಜಾಗದಲ್ಲಿ ಸುಣ್ಣ ಬಳಿದ ಗೋಡೆಯಂಥ ಒಂದು ಬಿಳಿ ಚೌಕವಿತ್ತು. ಅಕ್ಷರವಿಲ್ಲ, ಗುಂಡಿಯಿಲ್ಲ, ಮಿನುಗುವ ಗೆರೆಯೂ ಇಲ್ಲ. ಒತ್ತಿದ, ಕುಟ್ಟಿದ, ಮುಚ್ಚಿ ತೆರೆದ. ಮೊಬೈಲಿನಲ್ಲಿ ನೋಡಿದ, ಅಲ್ಲೂ ಬಿಳಿ. ಮಾನಸಳ ಮೊಬೈಲಿನಲ್ಲಿ ನೋಡಿದ, ಅಲ್ಲಿ ಇನ್ನೂ ಬಿಳಿ. ಸ್ವಲ್ಪ ಹೊತ್ತಾದ ಮೇಲೆ ಅವನಿಗೆ ಹೊಳೆಯಿತು. ಎಡಿಟರಿನ ಅಕ್ಷರ, ಗುಂಡಿ, ಉಪಕರಣಗಳೆಲ್ಲ ಹೊರಗಿನ ಇನ್ನೊಂದು ಕಂಪ್ಯೂಟರಿನಿಂದಲೇ ಬರುತ್ತಿದ್ದವು. ಇಸ್ಪೀಟಿನ ಹುಡುಗಿಯ ಜೊತೆಗೆ ಅವೂ ಗೇಟಿನಾಚೆ ನಿಂತಿದ್ದವು. ಮನೆಗೆ ಕಳ್ಳರು ಬರಬಾರದೆಂದು ಬೀಗ ಜಡಿದು, ಬೀಗದಕೈಯನ್ನು ಅಡುಗೆಮನೆಯಲ್ಲೇ ಬಿಟ್ಟು ಬೀದಿಯಲ್ಲಿ ನಿಂತವನ ಹಾಗಿತ್ತು ಅವನ ಸ್ಥಿತಿ.

"ಏನಾಯ್ತು?" ಎಂದಳು ಮಾನಸ.

"ಸೆಕ್ಯೂರಿಟಿ ಚೆನ್ನಾಗಿ ಕೆಲಸ ಮಾಡ್ತಿದೆ," ಎಂದ ರಘುನಾಥ.

ಅದನ್ನು ಸರಿಮಾಡುವ ಮೊದಲು ಫೋನಿನಲ್ಲಾದರೂ ತಿಳಿಸೋಣವೆಂದು ಚಿಕ್ಕಬೀರಯ್ಯನವರಿಗೆ ಕರೆ ಮಾಡಿದ. ಅವರು ಆಗಲೇ ಚಾಮರಾಜನಗರದಲ್ಲಿ, ಮನೆಯವರೆಲ್ಲ ಆಸ್ಪತ್ರೆಗೆ ಹೋಗಿದ್ದರಿಂದ ಬೀಗ ಹಾಕಿದ ಚಿಕ್ಕಮಾದುವಿನ ಮನೆಯ ಮುಂದೆ, ಹಾರಗಳನ್ನೂ ತಮಟೆಯವರನ್ನೂ ನೂರಾರು ನೆಂಟರನ್ನೂ ಸಂಭಾಳಿಸುತ್ತ ನಿಂತಿದ್ದರು. ಬಿಸಿಲು ಏರುತ್ತಿತ್ತು. ಮಣ್ಣು ಗುಂಡ್ಲುಪೇಟೆಯಲ್ಲಿ, ಎಲ್ಲರನ್ನೂ ಕರೆದುಕೊಂಡು ಹೊರಡಿ ಎಂದ ರಘುನಾಥ.

ಚಿಕ್ಕಬೀರಯ್ಯನವರು ಬಹಳ ಜಾಣತನದಿಂದ ಕೇಳಿದರು.

"ವೆಬ್‌ಸೈಟ್ನಲ್ಲಿ ನಗರ ಅಂತ್ಲೇ ಅದಲ್ಲ?"

"ಅದನ್ನ ತಿದ್ದಕ್ಕೆ ಆಗ್ತಿಲ್ಲ ತಾತ. ನಾನೇ ಹೇಳ್ತಾ ಇದ್ದೀನಲ್ಲ."

"ನೀನೇ ಇರ್ಬೋದು ಕಣಪ್ಪ. ಆದ್ರೆ ಈಗ ದನೀನೂ ನಕಲಿ ಮಾಡ್ತಾರಂತೆ. ನಮ್ಮ ರಗುನಾಥ್ನೇ ಯುಗಾದೀಲಿ ಏಳವ್ನೆ."

ರಘುನಾಥ ವಿಡಿಯೋ ಕರೆ ಮಾಡಿ ತನ್ನ ಮುಖ ತೋರಿಸಿದ. ಮುಖವನ್ನೂ ಮಾಡುತ್ತಾರೆ ಎಂದು ಅವನೇ ಹೇಳಿದ್ದನ್ನು ಅವರು ನೆನಪಿಸಿದರು. ಮಹದೇವಪ್ರಸಾದ್ ಫೋನು ಕಿತ್ತುಕೊಂಡು ತಾಯಿಯ ಮೇಲೆ ಆಣೆಯಿಟ್ಟ. ಅದರಿಂದ ಅನುಮಾನ ಬಲವಾಯಿತು. ದೊಡ್ಡವನ ಮನೆಗೆ ಬರಬೇಕಾದ ಅವ್ವನ ಮಣ್ಣನ್ನು ಚಿಕ್ಕವನು ಹೊಡೆದುಕೊಳ್ಳಲು ಹೊಂಚು ಹಾಕಿದ್ದಾನೆ ಎಂದು ಅಲ್ಲಿ ಗುಂಪಿಗೆ ಗುಂಪೇ ತೀರ್ಮಾನಿಸಿತು. ದೊಡ್ಡವನನ್ನು ಕೇಳೋಣವೆಂದರೆ ಆಸ್ಪತ್ರೆಯಲ್ಲಿ ರಾತ್ರಿಯೆಲ್ಲ ಉರಿದ ಚಿಕ್ಕಮಾದುವಿನ ಫೋನು, ತಮ್ಮನೊಡನೆ ಮಾತಾದ ಮೇಲೆ ಚಾರ್ಜಿಲ್ಲದೆ ಆಂಬುಲೆನ್ಸಿನಲ್ಲೇ ಸತ್ತಿತ್ತು. ಮಲ್ಲಜ್ಜಿಗಾದರೂ ಫೋನು ಕೊಡಿ ಎಂದು ಮಾನಸ ಬೇಡಿಕೊಂಡಳು. ಮುದುಕಿ ಮೊದಲೇ ಅಳುತ್ತ ಕೂತಿದ್ದಾಳೆ, ಅವಳನ್ನು ಗಾಬರಿ ಮಾಡಬೇಡಿ, ವೆಬ್‌ಸೈಟಿನಲ್ಲಿ ಬರಲಿ, ನಾನೇ ಓದಿ ಹೇಳುತ್ತೇನೆ ಎಂದು ಹೇಳಿ ಚಿಕ್ಕಬೀರಯ್ಯನವರು ಫೋನಿಟ್ಟರು.

ಮಾನಸ ಗಂಡನ ಮುಖ ನೋಡಿದಳು. ಒಂದು ಮಾತು ಬೈದಿದ್ದರೆ ಅವನಿಗೆ ಸ್ವಲ್ಪ ಸಮಾಧಾನವಾಗುತ್ತಿತ್ತು. ಹಿಂದಿನ ಬೀದಿಯಲ್ಲಿ ಆಂಬುಲೆನ್ಸಿನ ಸದ್ದು ಕೇಳಿತು. ಅವಳು ಎದ್ದು ಹೋದಳು. ಆಂಬುಲೆನ್ಸಿನಿಂದ ಇಳಿದ ಚಿಕ್ಕಮಾದು ತಮ್ಮನ ಹೆಗಲ ಮೇಲೆ ಬಿದ್ದು ಗೋಳಾಡತೊಡಗಿದ. ಅವನನ್ನು ಫೋನಿನ ಹತ್ತಿರ ತರುವ ಹಾಗೇ ಇರಲಿಲ್ಲ.

ಒಬ್ಬನೇ ಉಳಿದ ರಘುನಾಥ ಮತ್ತೆ ಆ ಕಡತವನ್ನು ತೆರೆದ. ಅಂಟಿಸಿದ ನಿಯಮವನ್ನು ಕಿತ್ತರೆ ಮುಗಿಯಿತು. ಕಡತ ತಿದ್ದಿದ ಮೇಲೆ ಮೊದಲು ಪರೀಕ್ಷಿಸಿ, ಆಮೇಲೆ ಸರ್ವರನ್ನು ಮರುಚಾಲನೆ ಮಾಡಿ ಎಂದು ಅವನು ಪ್ರತಿ ವರ್ಷ ವಿದ್ಯಾರ್ಥಿಗಳಿಗೆ ಬೋರ್ಡಿನ ಮೇಲೆ ಬರೆದು, ಅಡಿಗೆರೆ ಹಾಕಿ, ಪರೀಕ್ಷೆಯಲ್ಲಿ ಕೇಳಿ, ಬರೆಯದವರ ಅಂಕ ಕತ್ತರಿಸುತ್ತಿದ್ದ. ಅಂದು ಅವನಿಗೆ ಅಷ್ಟು ತಾಳ್ಮೆಯಿರಲಿಲ್ಲ. ಕಿತ್ತ. ಪರೀಕ್ಷಿಸದೆ ಮರುಚಾಲನೆ ಕೊಟ್ಟ. ಕೀಳುವ ಅವಸರದಲ್ಲಿ ನಿಯಮದ ಜೊತೆಗೆ ಅದರ ಕೆಳಗಿದ್ದ ಒಂದು ಆವರಣ ಚಿಹ್ನೆಯೂ ಕಿತ್ತುಬಂದಿತ್ತು. ಸರ್ವರ್ ಕಡತವನ್ನು ಕೊನೆಯವರೆಗೆ ಓದಿತು, ತೆರೆದ ಬಾಗಿಲನ್ನು ಮುಚ್ಚಿಲ್ಲವಲ್ಲ ಎಂದಿತು, ಮಲಗಿಬಿಟ್ಟಿತು.

ಈಗ ಎಡಿಟರ್ ಮಾತ್ರವಲ್ಲ, ಇಡೀ ವೆಬ್‌ಸೈಟೇ ಇಲ್ಲ! ರಾಚಮ್ಮನ ಫೋಟೋ ಇಲ್ಲ, ಸುದ್ದಿಯಿಲ್ಲ, ಚಾಮರಾಜನಗರವೂ ಇಲ್ಲ, ಗುಂಡ್ಲುಪೇಟೆಯೂ ಇಲ್ಲ.

ತಪ್ಪು ಎಲ್ಲಿದೆಯೆಂದು ಅವನು ಸಾಲು ಸಾಲಾಗಿ ಹುಡುಕುತ್ತಿರುವಾಗ ಅತ್ತ ಚಾಮರಾಜನಗರದ ಬೀದಿಯಲ್ಲಿ ಇನ್ನೊಂದು ನಡೆಯುತ್ತಿತ್ತು. ತಿದ್ದುಪಡಿ ಬಂತೇನೋ ಎಂದು ಗಳಿಗೆಗೊಮ್ಮೆ ಮೊಬೈಲ್ ನೋಡುತ್ತಿದ್ದ ಚಿಕ್ಕಬೀರಯ್ಯನವರು ಇದ್ದಕ್ಕಿದ್ದ ಹಾಗೆ ಎದ್ದು ನಿಂತರು. ಸುದ್ದಿ ಕಾಣೆಯಾಗಿತ್ತು. ಅಕ್ಕಪಕ್ಕದವರ ಮೊಬೈಲಿನಲ್ಲೂ ನೋಡಿಸಿದರು, ಎಲ್ಲದರಲ್ಲೂ ಕಾಣೆ. ಸುದ್ದಿ ಕಾಣೆಯಾದರೆ ಅದರ ಅರ್ಥವೇನು ಎಂಬುದು ಬಳಗದ ಮಕ್ಕಳಿಗೂ ಬಾಯಿಪಾಠ. ಬೀಗ ಹಾಕಿದ ಮನೆ, ಬಾರದ ಆಂಬುಲೆನ್ಸು, ಬೇರೆ ಊರಿನ ಹೆಸರು ಹೇಳಿದ ಫೋನು, ಎಲ್ಲ ಒಂದಕ್ಕೊಂದು ಕೂಡಿಬಂತು. ಅವರು ಮನೆಯ ಮುಂದಿನ ಕಲ್ಲಿನ ಮೇಲೆ ಹತ್ತಿ, ಒಮ್ಮೆ ತಾವೇ ಹೀಗೆ ಸತ್ತು ಬದುಕಿದ ಅನುಭವದ ಅಧಿಕಾರದಿಂದ ಘೋಷಿಸಿದರು.

"ಸುಳ್ಳು ಸುದ್ದಿ ಕಣ್ರಪ್ಪ. ರಾಚವ್ವ ಸತ್ತಿಲ್ಲ. ಎಲ್ರೂ ಮನೆಗೆ ಓಗನ ನಡೀರಿ."

ಬಳಗವೆಲ್ಲ ನಕ್ಕಿತು. ತಮಟೆಯವರು ಅದೇ ತಮಟೆಗೆ ಬೇರೆ ಗತ್ತು ಹಿಡಿದರು. ಮಲ್ಲಮ್ಮ ಬೆಳಗಿನಿಂದ ಗುಟುಕು ನೀರು ಕುಡಿಯದವಳು ಅಲ್ಲೇ ಯಾರೋ ಕೊಟ್ಟ ಬಾಳೆಹಣ್ಣು ತಿಂದಳಂತೆ. ಅಕ್ಕನ ಕೊರಳಿಗೆಂದು ತಂದಿದ್ದ ಹಾರವನ್ನು ಚಾಮರಾಜೇಶ್ವರನ ಗುಡಿಗೆ ಕೊಟ್ಟು, ಕೈಮುಗಿದು, ಕುಂಟುತ್ತ ನಗುತ್ತ ಪುಣಜನೂರಿನ ಬಸ್ಸು ಹತ್ತಿದಳಂತೆ.

ಕಳೆದುಹೋದ ಚಿಹ್ನೆಯನ್ನು ರಘುನಾಥ ಪತ್ತೆಹಚ್ಚಿ ಮತ್ತೆ ನೆಟ್ಟಾಗ ಮಧ್ಯಾಹ್ನ ಇಳಿಯತೊಡಗಿತ್ತು. ಸರ್ವರ್ ಎದ್ದಿತು, ಎಡಿಟರ್ ಬಂತು. ಅವನು ಊರಿನ ಹೆಸರು ತಿದ್ದಿ ಪ್ರಕಟಿಸಿದ. ಕೂಡಲೇ ಚಿಕ್ಕಬೀರಯ್ಯನವರ ಫೋನು ಬಂತು. ದನಿಯಲ್ಲಿ ದಣಿವಿತ್ತು.

"ಮತ್ತೆ ಸತ್ತವಳೆ ಅಂತ ಬಂತಲ್ಲಪ್ಪ. ಈ ಸಲ ಖಾತ್ರಿಯೇ?"

ಖಾತ್ರಿ ಎಂದ ರಘುನಾಥ. ಹಾಗಾದರೆ ಅರ್ಧ ದಾರಿಗೆ ಹೋದವರನ್ನೆಲ್ಲ ತಿರುಗಿಸುತ್ತೇನೆ, ಟೆಂಪೋ ಮಾಡಿಕೊಂಡು ಗುಂಡ್ಲುಪೇಟೆಗೆ ಬರುತ್ತೇವೆ ಎಂದರು ಅವರು. ಮಲ್ಲಮ್ಮನನ್ನು ಮಾತ್ರ ತಿರುಗಿಸಲಾಗದು. ಅವಳು ಊರು ಸೇರಿರುತ್ತಾಳೆ, ಶಿವರುದ್ರಮ್ಮನ ಫೋನು ಸಿಗುತ್ತಿಲ್ಲ. "ನಗ್ತಾ ಊರಿಗೆ ಓದ್ಲು ಕಣ್ಲಾ," ಎಂದು ಅವರು ಕೊನೆಗೆ ಸೇರಿಸಿದರು.

ರಘುನಾಥ ಸಾವಿನ ಮನೆಗೆ ಓಡಿ ಮಾನಸಳಿಗೆ ವಿಷಯ ತಿಳಿಸಿದ. ಅವಳು ಅಜ್ಜಿಯ ಕಾಲ ಬುಡದಲ್ಲಿ ಕೂತಿದ್ದಳು. ತಲೆಯೆತ್ತಿ, ಬಹಳ ಮೆಲ್ಲಗೆ, ಬೇರೆ ಯಾರಿಗೂ ಕೇಳದ ಹಾಗೆ ಹೇಳಿದಳು.

"ಸ್ಕೂಟರ್ ತಗೊಂಡು ಹೋಗಿ. ಮಲ್ಲಜ್ಜಿ ಹಿಂದುಗಡೆ ಕೂತಿದ್ರೆ ವಾಪಸ್ ಬನ್ನಿ. ಇಲ್ದಿದ್ರೆ ಅಲ್ಲೇ ಕಾಡಲ್ಲೇ ಇದ್ಬುಡಿ."

ತೆರಕಣಾಂಬಿ ದಾಟಿ, ಚಾಮರಾಜನಗರ ದಾಟಿ ರಘುನಾಥ ಸ್ಕೂಟರ್ ಓಡಿಸಿದ ಪರಿಯನ್ನು ಕಂಡು ಅರಿಸಿನ ಒಣಗಿಸುತ್ತಿದ್ದವರು ಎದ್ದು ನಿಂತು ನೋಡಿದರು. ದಾರಿಯುದ್ದಕ್ಕೂ ಅವನು ಮಾತು ಜೋಡಿಸುತ್ತಿದ್ದ. ಅಜ್ಜಿ, ಮೊದಲು ಬಂದ ಸುದ್ದಿ ಸುಳ್ಳಲ್ಲ. ಅಜ್ಜಿ, ಸುಳ್ಳು ಅಂದದ್ದು ಸುಳ್ಳು. ಅಜ್ಜಿ, ಸರ್ವರ್ ಕಡತದಲ್ಲಿ ಒಂದು ಆವರಣ ಚಿಹ್ನೆ... ಯಾವ ಮಾತೂ ಮುದುಕಿಯ ಮುಂದೆ ಇಡುವ ಹಾಗಿರಲಿಲ್ಲ. ಕೊನೆಗೆ ಒಂದು ನಿರ್ಧಾರಕ್ಕೆ ಬಂದ. ಅವರ ಬಳಗದಲ್ಲಿ ಸಾವಿನ ಸುದ್ದಿ ತಂದವನು ಹೊಸ್ತಿಲು ದಾಟುವುದಿಲ್ಲ, ಕೂರುವುದಿಲ್ಲ, ಕೊಟ್ಟ ನೀರೂ ಮುಟ್ಟುವುದಿಲ್ಲ. ಅಂಗಳದಲ್ಲಿ ಸುಮ್ಮನೆ ನಿಂತರೆ ಸಾಕು, ಬಾಯಿ ಬಿಡದಿದ್ದರೂ ಎಲ್ಲ ತಿಳಿದುಹೋಗುತ್ತದೆ. ಹಾಗೆಯೇ ನಿಲ್ಲುವುದು.

ನಿಲ್ಲಲು ಮಲ್ಲಮ್ಮ ಬಿಡಲಿಲ್ಲ. ಸ್ಕೂಟರಿನ ಸದ್ದಿಗೆ ಹೊರಗೆ ಬಂದವಳು ಅವನನ್ನು ಕಂಡು ಮುಖವರಳಿಸಿ, ಕೈ ಹಿಡಿದು, ಮಂಡಿ ನೋವನ್ನು ಮರೆತು ದರದರನೆ ಒಳಗೆಳೆದುಕೊಂಡು ಹೋದಳು. ಬೆಳಗಿನಿಂದ ಆದ ತಮಾಷೆಯನ್ನೆಲ್ಲ ಹೇಳಿದಳು. ಬೀಗ ಹಾಕಿದ ಮನೆಯ ಮುಂದೆ ಊರೆಲ್ಲ ಕೂತು ಅತ್ತದ್ದು, ಚಿಕ್ಕಬೀರಯ್ಯ ಕಲ್ಲಿನ ಮೇಲೆ ಹತ್ತಿದ್ದು, ಇದನ್ನೆಲ್ಲ ಕೇಳಿದರೆ ಅಕ್ಕ ಎಷ್ಟು ನಗುತ್ತಾಳೋ ಎಂದಳು. ಹೇಳುತ್ತಲೇ ಬೆಲ್ಲದ ಕಾಫಿ ಕಾಯಿಸಿ ಲೋಟ ಅವನ ಕೈಗಿಟ್ಟಳು. ರಘುನಾಥನ ಗಂಟಲು ಬೆಳಗಿನಿಂದ ಒಣಗಿತ್ತು. ಯೋಚಿಸುವ ಮೊದಲೇ ಒಂದು ಗುಟುಕು ಒಳಗೆ ಹೋಗಿತ್ತು. ಎರಡನೆಯ ಗುಟುಕಿಗೆ, ತಾನು ಕೂತಿದ್ದೇನೆ, ಹೊಸ್ತಿಲ ಒಳಗಿದ್ದೇನೆ, ಕುಡಿಯುತ್ತಿದ್ದೇನೆ ಎಂಬ ಅರಿವಾಯಿತು. ಮೂರು ಕಟ್ಟಲೆಗಳನ್ನೂ ಒಂದೇ ಏಟಿಗೆ ಮುರಿದಿದ್ದ.

ಮಲ್ಲಮ್ಮ ಅವನನ್ನೇ ನೋಡುತ್ತಿದ್ದಳು.

"ನಿನ್ನ ಕಂಡಾಗ ಎದೆ ಜಲ್ ಅಂದಿತ್ತು ಕಣ್ಲಾ. ಕಾಫಿ ಕುಡ್ದೆ. ಸದ್ಯ," ಎಂದಳು.

ಇನ್ನು ಹೇಳುವುದು ಹೇಗೆ? ಅವನು ಲೋಟ ಖಾಲಿ ಮಾಡಿದ. ಗಂಟಲಲ್ಲಿ ಉಳಿದಿದ್ದ ಒಂದೇ ಮಾತು ಹೊರಗೆ ಬಂತು. "ಅಜ್ಜಿ, ರಾಚಜ್ಜಿನ ನೋಡ್ಕಂಡು ಬರನ ಬಾ."

ಯಾಕೆ, ಈ ಹೊತ್ತಿನಲ್ಲಿ, ಈ ಸ್ಕೂಟರಿನಲ್ಲಿ ಎಂದು ಅವಳು ಕೇಳಲಿಲ್ಲ. ಬೆಳಗ್ಗೆ ಬಸ್ಸಿಗೆ ಒಯ್ದಿದ್ದ ಚೀಲ ಗೂಟದಲ್ಲಿ ಹಾಗೇ ನೇತಾಡುತ್ತಿತ್ತು. ಅದನ್ನು ಎತ್ತಿಕೊಂಡು, ಬಾಗಿಲೆಳೆದು ಬಂದು ಹಿಂದೆ ಕೂತಳು.

ದಾರಿಯುದ್ದಕ್ಕೂ ಮಾತು, ಮಾತು. ಅಕ್ಕ ಹುಣಸೆಮರದಿಂದ ಬಿದ್ದು, ಬಿದ್ದದ್ದು ತಂಗಿ ಎಂದು ಮನೆಯಲ್ಲಿ ಹೇಳಿ ತಂಗಿಗೆ ಏಟು ತಿನ್ನಿಸಿದ್ದು. ಒಂದೇ ರವಿಕೆಯನ್ನು ಒಬ್ಬರು ಬೆಳಗ್ಗೆ ಒಬ್ಬರು ಸಂಜೆ ತೊಟ್ಟು ಒಂದೇ ಹಬ್ಬ ಮಾಡಿದ್ದು. ಮದುವೆಯಾಗಿ ಹೋಗುವ ದಿನ ಅಕ್ಕ ಗಾಡಿಯಿಂದ ಹಾರಿ ಓಡಿಬಂದದ್ದು. ಮುದುಕಿ ಅವನ ಕಿವಿಯ ಹತ್ತಿರ ನಗುತ್ತಿದ್ದಳು. ಒಂದೊಂದು ನಗೆಗೂ ರಘುನಾಥನ ಕೈ ಹಿಡಿಕೆಯ ಮೇಲೆ ಜಾರುತ್ತಿತ್ತು. ಚಾಮರಾಜನಗರದಲ್ಲಿ ಹೇಳೋಣವೆಂದುಕೊಂಡ. ಅಲ್ಲಿ ಅವಳು ಹುಣಸೆಮರದ ತುದಿಯಲ್ಲಿದ್ದಳು. ತೆರಕಣಾಂಬಿಯಲ್ಲಿ ಹೇಳೋಣವೆಂದುಕೊಂಡ. ಅಲ್ಲಿ ಗಾಡಿಯಿಂದ ಹಾರುತ್ತಿದ್ದಳು. ಹೇಳುವ ಜಾಗವೇ ಸಿಗಲಿಲ್ಲ. ಗುಂಡ್ಲುಪೇಟೆ ಬಂತು, ಬೀದಿ ತಿರುಗಿತು, ಶಾಮಿಯಾನ ಕಂಡಿತು, ತಮಟೆ ಕೇಳಿತು. ಬಳಗವೆಲ್ಲ ಟೆಂಪೋಗಳಿಂದ ಇಳಿದು ಅಲ್ಲೇ ನಿಂತಿತ್ತು. ಹಿಂದಿನ ಸೀಟಿನಲ್ಲಿ ಮಾತು ನಿಂತಿತು.

ಮಲ್ಲಮ್ಮ ಇಳಿದಳು. ಎಲ್ಲರೂ ದಾರಿ ಬಿಟ್ಟರು. ಅಕ್ಕನ ಪಕ್ಕದಲ್ಲಿ ಕೂತು, ಹಣೆಯ ಮೇಲಿನ ಕೂದಲನ್ನು ಬೆರಳಿನಿಂದ ಹಿಂದಕ್ಕೆ ತೀಡಿದಳು. ಚೀಲ ಬಿಚ್ಚಿ, ತವರಿನ ಕಡೆಯಿಂದ ಹೊದಿಸಬೇಕಾದ ಹೊಸ ಸೀರೆಯನ್ನು ತೆಗೆದು ಹೊದಿಸಿದಳು. ಮಾನಸ ಅವಳ ತೋಳಿಗೆ ಮುಖ ಒತ್ತಿದಳು. ಆಮೇಲೆ ಮುದುಕಿ ಅತ್ತ ಅಳುವನ್ನು ಕೇಳಿ ತಮಟೆಯವರೂ ಕೈ ನಿಲ್ಲಿಸಿದರು.

ಹೊತ್ತು ಮುಳುಗುವ ಮೊದಲೇ ರಾಚಮ್ಮ ಗಂಡನ ಪಕ್ಕದಲ್ಲಿ ಮಲಗಿದರು. ತೋಟದ ತೊಟ್ಟಿಯಲ್ಲಿ ಕಾಲು ತೊಳೆಯುತ್ತ ಬಳಗ ರಘುನಾಥನ ವಿಚಾರಣೆಯನ್ನು ಆರಂಭಿಸಿತು. ಅಕ್ಕನ ಸಾವನ್ನು ಮುದುಕಿಗೆ ಹೇಳದೆ, ನೆಂಟರ ಮನೆಗೆ ಕರೆದೊಯ್ಯುವಂತೆ ನಗಿಸಿಕೊಂಡು ತಂದು ಹೆಣದ ಮುಂದೆ ಇಳಿಸಿದನಲ್ಲ, ಇವನನ್ನು ಓದಿಸಿದವರು ಯಾರು ಎಂದು ಒಬ್ಬರು ಕೇಳಿದರು. ಸುದ್ದಿ ಕಾಣೆಯಾದಾಗ ತಾವು ಶಾಸನದ ಪ್ರಕಾರವೇ ನಡೆದುಕೊಂಡೆವೆಂದು ಚಿಕ್ಕಬೀರಯ್ಯನವರು ತಮ್ಮ ನಿರ್ದೋಷಿತ್ವವನ್ನು ಸಾರಿದರು. ಮಾನಸ ರಾತ್ರಿಗೆ ಅವನನ್ನು ಮನೆಯೊಳಗೆ ಬಿಟ್ಟುಕೊಳ್ಳುತ್ತಾಳೋ ಇಲ್ಲವೋ ಅವಳ ಮುಖದಿಂದ ತಿಳಿಯುತ್ತಿರಲಿಲ್ಲ.

ರಘುನಾಥ ಯಾರ ಮಾತಿಗೂ ಉತ್ತರಿಸದೆ, ಬದುವಿನ ಮೇಲೆ ಕೂತಿದ್ದ ಮಲ್ಲಮ್ಮನ ಮುಂದೆ ಹೋಗಿ ಕುಕ್ಕರಗಾಲಿನಲ್ಲಿ ಕೂತ. ಹೇಳಬೇಕೆಂದಿದ್ದೆ, ಬಾಯಿ ಬರಲಿಲ್ಲ ಎಂದು ಶುರುಮಾಡಿದ. ಸರ್ವರ್ ಎಂದ. ಮುಂದೆ ಹೋಗಲಾಗಲಿಲ್ಲ.

ಮುದುಕಿ ಸೆರಗಿನಿಂದ ಮೂಗೊರೆಸಿಕೊಂಡು ಅವನನ್ನು ನೋಡಿದಳು.

"ನೀನು ಕಾಫಿ ಲೋಟ ಇಡ್ಕಂಡಾಗ್ಲೇ ನಂಗೆ ಗೊತ್ತಾಯ್ತು ಕಣ್ಲಾ. ನಿನ್ ಕೈ ಅಂಗೆ ನಡುಗ್ತಿತ್ತು."

ಹಾಗಾದರೆ ಆ ಹುಣಸೆಮರ, ಆ ರವಿಕೆ, ದಾರಿಯುದ್ದದ ಆ ನಗು? ಅಳು ಬರಲಿಲ್ಲವೇ ಎಂದು ರಘುನಾಥ ಕೇಳಿದ.

"ಬರ್ದೆ ಏನು. ನಾನು ಅತ್ತಿದ್ರೆ ನೀನು ಗಾಡಿ ಬೀಳುಸ್ತಿದ್ದೆ. ಅಕ್ಕನ ಮಕ ನಾನು ಯಂಗೆ ನೋಡ್ಲಿ?"